ಪುಲ್ಲಿ ಹಗುರಾದರೆ ಗಾಡಿ ಜಗ್ಗೀತೇ? ಕ್ರ್ಯಾಂಕ್ ಪುಲ್ಲಿ ಬದಲಿಸುವ ಮುನ್ನ ಹಾಕಬೇಕಾದ ಲೆಕ್ಕ

ಎಂಜಿನ್ನಿನ ಮುಂದಿನ ತುದಿಯಲ್ಲಿದ್ದು ಡೈನಮೋ, ವಾಟರ್ ಪಂಪ್, ಎ.ಸಿ. ಕಂಪ್ರೆಸರುಗಳ ಬೆಲ್ಟನ್ನು ತಿರುಗಿಸುವ ದೊಡ್ಡ ಚಕ್ರವೇ ಕ್ರ್ಯಾಂಕ್ ಪುಲ್ಲಿ. ಇದನ್ನು ಬದಲಿಸಲು ಹೊರಡುವವರು ಎರಡು ಬಗೆ. ನೀಲಿ, ಕೆಂಪು ಬಣ್ಣದ ಅಲ್ಯೂಮಿನಿಯಂ ಪುಲ್ಲಿ ಹಾಕಿದರೆ "ಪಿಕಪ್ ಭಾಳ ಬರ್ತೈತಿ, ಆವರೇಜೂ ಏರ್ತೈತಿ" ಎಂಬ ಮಾತು ಕೇಳಿ ಆನ್‌ಲೈನಿನಲ್ಲಿ ತರಿಸುವವರು ಒಂದು ಬಗೆ. ಹತ್ತು ವರ್ಷ ಓಡಿದ ಡೀಸೆಲ್ ಕಾರಿನ ಪುಲ್ಲಿಯ ರಬ್ಬರ್ ಬಿಟ್ಟುಕೊಂಡು, ಕಂಪನಿ ಮಾಲು ತರಬೇಕೋ ಲೋಕಲ್ ಮಾಲು ಸಾಕೋ ಎಂದು ಕೇಳುತ್ತ ನಿಂತವರು ಇನ್ನೊಂದು ಬಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮುಂದಿನ ಕೆಲವು ವರ್ಷ ಈ ಎರಡನೆಯವರೇ ಹೆಚ್ಚಾಗುತ್ತಾರೆ. ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ಕಾರು ನಿಲ್ಲಿಸಿತು. ಸ್ವಿಫ್ಟ್, ಡಿಝೈರ್, ರಿಟ್ಜ್, ಎರ್ಟಿಗಾಗಳಲ್ಲೂ ಟಾಟಾ ವಿಸ್ಟಾ, ಮಾಂಜಾ, ಫಿಯಟ್ ಪುಂಟೋ, ಲಿನಿಯಾಗಳಲ್ಲೂ ಬಂದ ಅದೇ 1.3 ಲೀಟರಿನ ಫಿಯಟ್ ಮೂಲದ ಎಂಜಿನ್ ಇವತ್ತಿಗೂ ನಮ್ಮ ರಸ್ತೆಗಳಲ್ಲಿ ದುಡಿಯುತ್ತಿದೆ. ಆ ಗಾಡಿಗಳ ಪುಲ್ಲಿಯ ರಬ್ಬರಿಗೂ ಈಗ ಅಷ್ಟೇ ವಯಸ್ಸು.

ಇಬ್ಬರಿಗೂ ಸಿಗುವ ಸಲಹೆ ಹೆಚ್ಚಾಗಿ ಒಂದೇ: "ಪುಲ್ಲಿ ಅಂದ್ರ ಪುಲ್ಲಿ, ಬೆಲ್ಟ್ ತಿರುಗಿದ್ರ ಸಾಕು." ತಪ್ಪು ಇಲ್ಲಿಂದಲೇ ಶುರುವಾಗುತ್ತದೆ.

ನಡುವಿನ ರಬ್ಬರ್ ಏನು ಮಾಡುತ್ತದೆ

ಕಂಪನಿ ಪುಲ್ಲಿಯನ್ನು ಬಿಚ್ಚಿ ಮುಂದಿನಿಂದ ನೋಡಿ. ಕ್ರ್ಯಾಂಕ್ ಶಾಫ್ಟಿನ (ಪಿಸ್ಟನ್ನುಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ) ಮೇಲೆ ಕೂರುವ ಹಬ್ ನಡುವೆ ಇರುತ್ತದೆ. ಹೊರಗೆ ಬೆಲ್ಟ್ ಕೂರುವ ತೋಡುಗಳನ್ನು ಕೊರೆದ ಎರಕದ ಉಂಗುರ. ಇವೆರಡರ ನಡುವೆ ಕೆಲವೇ ಮಿ.ಮೀ. ದಪ್ಪದ ಕಪ್ಪು ರಬ್ಬರಿನ ಪಟ್ಟಿ. ಹಬ್ಬಿಗೂ ಉಂಗುರಕ್ಕೂ ಬೇರೆ ಯಾವ ಸಂಬಂಧವೂ ಇಲ್ಲ, ಬೆಲ್ಟಿನ ಎಳೆತವೆಲ್ಲ ಆ ರಬ್ಬರಿನ ಮೂಲಕವೇ ಹಾಯಬೇಕು. ಬೆಲ್ಟ್ ತಿರುಗಿಸುವುದಷ್ಟೇ ಕೆಲಸವಾಗಿದ್ದರೆ ಇಷ್ಟು ಖರ್ಚು ಮಾಡಿ ಮೂರು ತುಂಡಾಗಿ ಮಾಡುವ ಅಗತ್ಯವಿರಲಿಲ್ಲ. ಹತ್ತು ರೂಪಾಯಿ ಉಳಿಸಲು ಕ್ಲಿಪ್ಪಿನ ಪ್ಲಾಸ್ಟಿಕ್ಕನ್ನೂ ತೆಳುವಾಗಿಸುವ ಕಂಪನಿಗಳು ಆ ರಬ್ಬರನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಕ್ರ್ಯಾಂಕ್ ಶಾಫ್ಟ್ ಎಷ್ಟೇ ಗಟ್ಟಿಯಾಗಿದ್ದರೂ ಪ್ರತಿ ಸಿಲಿಂಡರ್ ಉರಿದಾಗ ಕೊಂಚ ತಿರುಚಿಕೊಂಡು ಮರುಕ್ಷಣ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ತಿರುಚುವುದು ಒಂದು ಡಿಗ್ರಿಯೊಳಗಿನ ಮಾತು. ಹಿಂದಿನ ತುದಿಯನ್ನು ಭಾರದ ಫ್ಲೈವೀಲ್ ಹಿಡಿದುಕೊಂಡಿರುವುದರಿಂದ ಈ ಹೊಯ್ದಾಟವೆಲ್ಲ ಮುಂದಿನ ತುದಿಯಲ್ಲಿ, ಅಂದರೆ ಪುಲ್ಲಿ ಇರುವ ಜಾಗದಲ್ಲಿ ಎದ್ದು ಕಾಣುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಶಾಫ್ಟಿನ ಪ್ರತಿ ಸುತ್ತಿನಲ್ಲೂ ಇಂಥ ಎರಡು ಏಟು. 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಸೆಕೆಂಡಿಗೆ 100 ಏಟು. ಏಟಿನ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಮರಿ ಕಂಪನಗಳೂ ಇರುತ್ತವೆ.

ಪ್ರತಿ ಶಾಫ್ಟಿಗೂ ತನ್ನದೇ ಆದ ಒಂದು ಕಂಪನ ವೇಗವಿದೆ. ಅದು 400 ಹರ್ಟ್ಜ್, ಅಂದರೆ ಸೆಕೆಂಡಿಗೆ 400 ಸಲ ಎಂದು ಇಟ್ಟುಕೊಳ್ಳಿ. ಏಟುಗಳ ಎರಡು ಪಟ್ಟಿನ ಕಂಪನ, ಅಂದರೆ ಒಂದು ಸುತ್ತಿನಲ್ಲಿ ನಾಲ್ಕು ಸಲ ಬರುವುದು, 6000 ಆರ್‌ಪಿಎಂಗೆ ಸರಿಯಾಗಿ 400 ಆಗುತ್ತದೆ. ಒಂದು ಸುತ್ತಿನಲ್ಲಿ ಆರು ಸಲ ಬರುವುದು 4000ಕ್ಕೆ, ಎಂಟು ಸಲ ಬರುವುದು 3000ಕ್ಕೆ. ಪಂಚಮಿ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಸಣ್ಣ ತಳ್ಳುವಿಕೆಗೂ ಅದು ಹೇಗೆ ಮೇಲೇರುತ್ತದೋ, ಆ ಆರ್‌ಪಿಎಂಗಳಲ್ಲಿ ಶಾಫ್ಟಿನ ತಿರುಚಾಟವೂ ಹಾಗೆಯೇ ಏರುತ್ತದೆ. ಡ್ರೈವರಿಗೆ ಇದು ಗೊತ್ತಾಗುವುದಿಲ್ಲ. ಸ್ಟಿಯರಿಂಗ್ ನಡುಗುವುದಿಲ್ಲ, ಸೀಟು ಅದುರುವುದಿಲ್ಲ. ಇದು ಗಾಡಿಯನ್ನು ಅಲುಗಾಡಿಸುವ ಕಂಪನವೇ ಅಲ್ಲ, ಶಾಫ್ಟಿನೊಳಗೇ ನಡೆಯುವ ತಿರುಚು. "ಪುಲ್ಲಿ ಹಾಕಿದ ಮೇಲೆ ಏನೂ ವೈಬ್ರೇಶನ್ ಇಲ್ಲ" ಎಂಬ ಮಾತು ಅದಕ್ಕಾಗಿಯೇ ಯಾವ ಪುರಾವೆಯೂ ಆಗುವುದಿಲ್ಲ.

ಪುಲ್ಲಿಯ ಹೊರ ಉಂಗುರಕ್ಕೆ ತನ್ನ ಭಾರದಿಂದಾಗಿ ಒಂದೇ ವೇಗದಲ್ಲಿ ತಿರುಗುವ ಹಠ. ಹಬ್ ಮುಂದೆ ಹಿಂದೆ ಹೊಯ್ದಾಡಿದಾಗ ನಡುವಿನ ರಬ್ಬರ್ ಎಳೆದಾಡಿಸಿಕೊಂಡು ಆ ಶಕ್ತಿಯನ್ನು ಬಿಸಿಯಾಗಿ ಹೊರಹಾಕುತ್ತದೆ. ಉಂಗುರದ ಭಾರ, ರಬ್ಬರಿನ ಗಡಸುತನ ಎರಡನ್ನೂ ಆ ಒಂದು ಶಾಫ್ಟಿಗೆ ಹೊಂದುವಂತೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಗಾತ್ರ ಒಂದೇ ಇದೆ ಎಂದು ಬೇರೆ ಎಂಜಿನ್ನಿನ ಪುಲ್ಲಿ ಕೂರಿಸಿದರೆ ಬೆಲ್ಟ್ ತಿರುಗುತ್ತದೆ, ಲೆಕ್ಕ ತಪ್ಪುತ್ತದೆ. ಡೀಸೆಲ್ಲಿನಲ್ಲಿ ಈ ರಬ್ಬರಿನ ಕೆಲಸ ಇನ್ನೂ ಹೆಚ್ಚು. ಇಂದಿನ ಕಾಮನ್ ರೈಲ್ ಎಂಜಿನ್ನಿನ ಸಿಲಿಂಡರಿನೊಳಗಿನ ಗರಿಷ್ಠ ಒತ್ತಡ 150 ಬಾರ್ ದಾಟುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಹೆಚ್ಚುಕಡಿಮೆ ಅರ್ಧ. ಮೇಲೆ ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ) ಟಾರ್ಕ್ ಏರಿಸಿದ ಗಾಡಿಗೆ ಕಂಪನಿಯ ಡ್ಯಾಂಪರೇ, ಅಂದರೆ ತಿರುಚಾಟ ತಗ್ಗಿಸುವ ಈ ರಬ್ಬರ್ ಪುಲ್ಲಿಯೇ ಸಾಲದು ಎಂಬ ಸ್ಥಿತಿ ಬರಬಹುದು. ಅಂಥ ಗಾಡಿಯಿಂದಲೇ ಡ್ಯಾಂಪರ್ ಕಿತ್ತು ಅಲ್ಯೂಮಿನಿಯಂ ತುಂಡು ಹಾಕುವುದನ್ನು ಒಪ್ಪಲು ಯಾವ ಕಾರಣವೂ ಸಿಗುವುದಿಲ್ಲ.

ಒಂದು ವಿನಾಯಿತಿ ಇದೆ. ಕೆಲವು ಸಣ್ಣ ಪೆಟ್ರೋಲ್ ಎಂಜಿನ್ನುಗಳಿಗೆ ಕಂಪನಿಯೇ ರಬ್ಬರ್ ಇಲ್ಲದ ಒಂದೇ ತುಂಡಿನ ಪುಲ್ಲಿ ಕೊಟ್ಟಿರುತ್ತದೆ. ಅಲ್ಲಿ ಶಾಫ್ಟ್ ಗಿಡ್ಡ, ಗಟ್ಟಿ, ಅದರ ಸ್ವಂತ ಕಂಪನ ವೇಗ ಓಡುವ ಆರ್‌ಪಿಎಂಗಿಂತ ಸಾಕಷ್ಟು ಮೇಲಿರುತ್ತದೆ. ಅಂಥ ಎಂಜಿನ್ನಿಗೆ ಚೆನ್ನಾಗಿ ಮಾಡಿದ ಹಗುರ ಪುಲ್ಲಿ ಹಾಕಿದರೆ ತಿರುಚಾಟದ ಭಯ ಕಡಿಮೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ರಬ್ಬರ್ ಇರುವುದು ಶಾಫ್ಟಿಗಾಗಿ ಅಲ್ಲ, ಬೆಲ್ಟಿನ ಸದ್ದು ಮತ್ತು ಜಗ್ಗಾಟ ತಗ್ಗಿಸಲು. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳಲು ಆಗದು. ಆದ್ದರಿಂದ ನಿಯಮ ಸರಳ: ಕಂಪನಿ ಪುಲ್ಲಿಯಲ್ಲಿ ರಬ್ಬರ್ ಇದ್ದರೆ ಬದಲಿ ಪುಲ್ಲಿಯಲ್ಲೂ ಇರಬೇಕು.

ಹಗುರಾದರೆ ನಿಜಕ್ಕೂ ಎಷ್ಟು ಸಿಗುತ್ತದೆ

ಮಾರುವವರು ಹೇಳುವ ಲಾಭ ಪೂರ್ತಿ ಸುಳ್ಳಲ್ಲ. ತಿರುಗುವ ಭಾರ ಕಡಿಮೆಯಾದರೆ ಎಂಜಿನ್ ಬೇಗ ಏರುತ್ತದೆ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಿವಿಗೇ ಗೊತ್ತಾಗುತ್ತದೆ. ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡೋಣ.

150 ಮಿ.ಮೀ. ವ್ಯಾಸದ ಕಂಪನಿ ಪುಲ್ಲಿ 2.5 ಕೆ.ಜಿ., ಅದೇ ವ್ಯಾಸದ ಅಲ್ಯೂಮಿನಿಯಂ ಪುಲ್ಲಿ 800 ಗ್ರಾಂ ಎಂದಿರಲಿ. ಉಳಿದದ್ದು 1.7 ಕೆ.ಜಿ. ಗಾಡಿಯ ಒಟ್ಟು ಗೇರ್ ಅನುಪಾತ ಮೊದಲ ಗೇರಿನಲ್ಲಿ 14, ಐದನೆಯದರಲ್ಲಿ 3.2, ಚಕ್ರದ ತ್ರಿಜ್ಯ 290 ಮಿ.ಮೀ. ಎಂದಿಟ್ಟುಕೊಂಡರೆ, ಮೊದಲ ಗೇರಿನಲ್ಲಿ ಈ ಉಳಿತಾಯ ಗಾಡಿಯ ತೂಕದಿಂದ ಸುಮಾರು 11 ಕೆ.ಜಿ. ಇಳಿಸಿದ್ದಕ್ಕೆ ಸಮ. ಐದನೆಯ ಗೇರಿನಲ್ಲಿ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು. ಸಾವಿರ ಕೆ.ಜಿ. ಗಾಡಿಗೆ ಮೊದಲ ಗೇರಿನಲ್ಲಿ ನೂರಕ್ಕೆ ಒಂದು ಪಾಲು, ಹೈವೇಯಲ್ಲಿ ಲೆಕ್ಕಕ್ಕೇ ಇಲ್ಲ. ಡಿಕ್ಕಿಯಲ್ಲಿ ಬಿದ್ದಿರುವ ಹಳೆಯ ಬ್ಯಾಟರಿ ಇಳಿಸಿದರೆ ಎಲ್ಲ ಗೇರಿನಲ್ಲೂ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಆವರೇಜ್ ಮಾತಂತೂ ನಿಲ್ಲುವುದೇ ಇಲ್ಲ. ವಿಜಯಪುರದಿಂದ ಸೋಲಾಪುರಕ್ಕೆ 80ರ ವೇಗದಲ್ಲಿ ಒಂದೇ ಸಮ ಓಡುವಾಗ ಪುಲ್ಲಿ ಭಾರವಿದ್ದರೂ ಹಗುರವಿದ್ದರೂ ಅದನ್ನು ತಿರುಗಿಸುತ್ತ ಇರಲು ಬೇಕಾದ ಶಕ್ತಿ ಒಂದೇ. ತಿರುಗುವ ಭಾರಕ್ಕೆ ಶಕ್ತಿ ಬೇಕಾಗುವುದು ವೇಗ ಏರಿಸುವಾಗ ಮಾತ್ರ.

ಹಾಗಾದರೆ ಡೈನೋ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಪರೀಕ್ಷೆಯಲ್ಲಿ ಎರಡು ಮೂರು ಎಚ್‌ಪಿ ಹೆಚ್ಚಾದ ಕಾಗದ ತೋರಿಸುತ್ತಾರಲ್ಲ? ದೊಡ್ಡ ರೋಲರನ್ನು ಎಷ್ಟು ಬೇಗ ತಿರುಗಿಸಿತು ಎಂಬುದರಿಂದ ಶಕ್ತಿ ಅಳೆಯುವ ಡೈನೋದಲ್ಲಿ ಎಂಜಿನ್ ತನ್ನದೇ ಭಾರವನ್ನು ಏರಿಸಲು ಖರ್ಚು ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆ ಖರ್ಚು ಕಡಿಮೆಯಾದಾಗ ಯಂತ್ರ "ಶಕ್ತಿ ಹೆಚ್ಚಾಯಿತು" ಎಂದು ಬರೆಯುತ್ತದೆ. ಸಿಲಿಂಡರಿನೊಳಗೆ ಉರಿಯುವ ಇಂಧನ, ಹುಟ್ಟುವ ಶಕ್ತಿ ಮೊದಲಿನಷ್ಟೇ. ಒಂದೇ ಆರ್‌ಪಿಎಂನಲ್ಲಿ ಬ್ರೇಕ್ ಹಾಕಿ ಹಿಡಿದು ಅಳೆಯುವ ಡೈನೋದಲ್ಲಿ ಈ ವ್ಯತ್ಯಾಸ ಮಾಯವಾಗುತ್ತದೆ.

ಚಿಕ್ಕ ಪುಲ್ಲಿಯ ಕಥೆ ಬೇರೆ

ಹಗುರ ಪುಲ್ಲಿಗಳಲ್ಲಿ ಕೆಲವು ವ್ಯಾಸದಲ್ಲೂ ಚಿಕ್ಕವು. ಅಂಡರ್‌ಡ್ರೈವ್ ಎಂದು ಮಾರುವುದು ಇವನ್ನೇ. ಬೆಲ್ಟ್ ನಿಧಾನವಾಗಿ ಓಡುತ್ತದೆ, ಡೈನಮೋ, ವಾಟರ್ ಪಂಪ್, ಎ.ಸಿ. ಎಲ್ಲವೂ ನಿಧಾನವಾಗುತ್ತವೆ, ಎಂಜಿನ್ನಿನ ಹೊರೆ ಇಳಿಯುತ್ತದೆ ಎಂಬುದು ತರ್ಕ. ರೇಸ್ ಟ್ರ್ಯಾಕಿನಲ್ಲಿ ಇದಕ್ಕೆ ಅರ್ಥವಿದೆ, ಅಲ್ಲಿ ಎಂಜಿನ್ 5000ಕ್ಕಿಂತ ಕೆಳಗೆ ಬರುವುದೇ ಅಪರೂಪ.

ನಮ್ಮ ಗಾಡಿ ದಿನದ ಬಹುಪಾಲು 750ರಿಂದ 2500ರೊಳಗೆ ಓಡುತ್ತದೆ. 150 ಮಿ.ಮೀ. ಕ್ರ್ಯಾಂಕ್ ಪುಲ್ಲಿ, 60 ಮಿ.ಮೀ. ಡೈನಮೋ ಪುಲ್ಲಿ ಇದ್ದಾಗ ಐಡ್ಲಿಂಗಿನ 750 ಆರ್‌ಪಿಎಂಗೆ ಡೈನಮೋ 1875ರಲ್ಲಿ ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿ 120ಕ್ಕೆ ಇಳಿಸಿದರೆ ಅದು 1500ಕ್ಕೆ ಬೀಳುತ್ತದೆ. ಡೈನಮೋದ ಕರೆಂಟ್ ಈ ಕೆಳಗಿನ ವೇಗಗಳಲ್ಲಿ ಬಲು ಕಡಿದಾಗಿ ಇಳಿಯುತ್ತದೆ, 1500ರ ಆಸುಪಾಸಿನಲ್ಲಿ ಅದು ಆಗಷ್ಟೇ ಚಾರ್ಜ್ ಕೊಡಲು ಶುರುಮಾಡಿರುತ್ತದೆ. ಏಪ್ರಿಲ್–ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ, ರೈಲ್ವೆ ಗೇಟಿನ ಮುಂದೆ ಎ.ಸಿ. ಹಾಕಿಕೊಂಡು ನಿಂತ ಗಾಡಿಯನ್ನು ಊಹಿಸಿ. ರೇಡಿಯೇಟರ್ ಫ್ಯಾನ್, ಎ.ಸಿ. ಬ್ಲೋವರ್, ಕಂಪ್ರೆಸರ್ ಕ್ಲಚ್, ಡೀಸೆಲ್ ಪಂಪು, ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಎಲ್ಲವೂ ಕರೆಂಟ್ ಕೇಳುವ ಹೊತ್ತದು. ಕೊರತೆ ಬಿದ್ದದ್ದನ್ನು ಬ್ಯಾಟರಿ ತುಂಬುತ್ತದೆ. ದಿನಾ ಹೀಗೇ ನಡೆದರೆ ಬ್ಯಾಟರಿ ಒಂದೆರಡು ಬೇಸಿಗೆಯಲ್ಲೇ ಸೋಲುತ್ತದೆ, ದೋಷ ಬ್ಯಾಟರಿ ಕಂಪನಿಯ ತಲೆಗೆ ಹೋಗುತ್ತದೆ.

ವಾಟರ್ ಪಂಪಿನ ವೇಗ ಶೇ 20 ಇಳಿದರೆ ನೀರಿನ ಹರಿವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪಂಪು ನುಂಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಅರ್ಧಕ್ಕಿಳಿಯುತ್ತದೆ, ಮಾರುವವರು ಹೇಳುವುದು ಈ ಅರ್ಧದ ಮಾತನ್ನು. ಆದರೆ ಆ ಪಂಪು ಸಾಮಾನ್ಯ ವೇಗದಲ್ಲಿ ನುಂಗುತ್ತಿದ್ದುದೇ ಕಡಿಮೆ. ಬೆಳಗಾವಿಯಿಂದ ಗೋವಾಕ್ಕೆ ಹೋಗಿ ಮರಳುತ್ತ ಚೋರ್ಲಾ ಘಾಟಿಯ ಏರಿನಲ್ಲಿ ಐದು ಜನರನ್ನು ಕೂರಿಸಿಕೊಂಡು ಎರಡನೆಯ ಗೇರಿನಲ್ಲಿ ಹತ್ತುವಾಗ ಬೇಕಾದ ಹರಿವನ್ನು ಅದಕ್ಕಾಗಿ ಬಿಟ್ಟುಕೊಡುವುದು ನಷ್ಟದ ವ್ಯಾಪಾರ. ನಮ್ಮ ಹವೆಗೆ ಅಂಡರ್‌ಡ್ರೈವ್ ಪುಲ್ಲಿ ಬೇಡವೇ ಬೇಡ.

ಕೆಡುವುದು ಏನು, ತಡವಾಗಿ ಕೆಡುವುದು ಏಕೆ

"ಹಾಕಿಸಿ 30 ಸಾವಿರ ಕಿ.ಮೀ. ಆಯ್ತು, ಏನೂ ಆಗಿಲ್ಲ." ಈ ಮಾತು ಹೇಳುವವರು ನಿಜವನ್ನೇ ಹೇಳುತ್ತಿದ್ದಾರೆ. ಉಕ್ಕು ದಣಿಯುವ ರೀತಿಯೇ ಹಾಗೆ. 400 ಹರ್ಟ್ಜಿನಲ್ಲಿ ಒಂದು ಗಂಟೆಗೆ 14 ಲಕ್ಷ 40 ಸಾವಿರ ತಿರುಚುಗಳಾಗುತ್ತವೆ. ತಿರುಚು ಒಂದು ಮಿತಿಯ ಕೆಳಗಿದ್ದರೆ ಶಾಫ್ಟ್ ಎಷ್ಟು ಕೋಟಿ ಸಲ ಬೇಕಾದರೂ ತಾಳುತ್ತದೆ. ಮಿತಿ ದಾಟಿದರೆ ಬೇರಿಂಗ್ ಕೂರುವ ಭಾಗದ (ಜರ್ನಲ್) ಮೂಲೆಯ ತಿರುವಿನಲ್ಲೋ ಎಣ್ಣೆ ರಂಧ್ರದ ಬಾಯಲ್ಲೋ ಕೂದಲೆಳೆಯ ಬಿರುಕು ಹುಟ್ಟಿ ಸದ್ದಿಲ್ಲದೆ ಬೆಳೆಯುತ್ತದೆ. ಊರೊಳಗೆ 2000ದಲ್ಲಿ ಓಡಿಸುವವರ ಗಾಡಿ ಅಪಾಯದ ಆರ್‌ಪಿಎಂ ಮುಟ್ಟುವುದೇ ಇಲ್ಲ. ಅದೇ ಗಾಡಿಯನ್ನು ಪುಣೆ ಹೈವೇಯಲ್ಲಿ ಗಂಟೆಗಟ್ಟಲೆ ಅದೇ ಕೆಟ್ಟ ಆರ್‌ಪಿಎಂನಲ್ಲಿ ಹಿಡಿದವರಿಗೆ ಲೆಕ್ಕ ಬೇರೆ. ಒಬ್ಬರ ಅನುಭವದಿಂದ ಇನ್ನೊಬ್ಬರಿಗೆ ಧೈರ್ಯ ಹೇಳಲಾಗದು.

ಶಾಫ್ಟ್ ಮುರಿಯುವುದು ಕೊನೆಯ ಹಂತ, ಅದು ಅಪರೂಪವೂ ಹೌದು. ಅದಕ್ಕೂ ಮೊದಲು ಪೆಟ್ಟು ತಿನ್ನುವವು ಮುಂದಿನ ತುದಿಯಲ್ಲಿರುವ ಸಣ್ಣ ಭಾಗಗಳು. ಎಷ್ಟೋ ಎಂಜಿನ್ನುಗಳಲ್ಲಿ ಆಯಿಲ್ ಪಂಪಿನ ಒಳ ಗೇರ್ ನೇರವಾಗಿ ಕ್ರ್ಯಾಂಕಿನ ಮೂತಿಯ ಮೇಲೇ ಕೂತಿರುತ್ತದೆ. ಲೋಹದ ಪುಡಿ ಒತ್ತಿ ಸುಟ್ಟು ಮಾಡಿದ ಆ ಗೇರು ಗಡಸು, ಆದರೆ ಪೆಡಸು. ಹೊಯ್ದಾಟ ತಾಳದೆ ಬಿರಿದರೆ ಆಯಿಲ್ ಒತ್ತಡ ಒಮ್ಮೆಗೇ ಸೊನ್ನೆಯಾಗಿ ಬೇರಿಂಗ್, ಟರ್ಬೊ ಎಲ್ಲ ಕೆಲವೇ ನಿಮಿಷಗಳಲ್ಲಿ ಹೋಗುತ್ತವೆ. ಟೈಮಿಂಗ್ ಚೈನು ಬೇಗ ಸಡಿಲಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಎನ್ನುತ್ತದೆ. ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಕೀಲಿ ಇರುವ ಕಡೆ ಆ ಕೀಲಿ ಕೂರುವ ತೋಡು ಅಗಲವಾಗುತ್ತದೆ. ಕ್ರ್ಯಾಂಕ್ ಬೋಲ್ಟ್ ತಾನಾಗಿ ಸಡಿಲಾಗುವುದೂ ಇದೇ ಕಾರಣಕ್ಕೆ.

ಬೋಲ್ಟಿನ ವಿಷಯದಲ್ಲಿ ಅಲ್ಯೂಮಿನಿಯಂ ಇನ್ನೊಂದು ತೊಂದರೆ ತರುತ್ತದೆ. ಬಿಸಿಗೆ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಬ್ಬಿನ ಉದ್ದ 40 ಮಿ.ಮೀ. ಇದ್ದು ಬಿಸಿ 80 ಡಿಗ್ರಿ ಏರಿದರೆ ಹಬ್ಬಿಗೂ ಬೋಲ್ಟಿಗೂ 0.035 ಮಿ.ಮೀ. ವ್ಯತ್ಯಾಸ ಬರುತ್ತದೆ. ಅಲ್ಪ ಎನಿಸಬಹುದು, ಆದರೆ ಬಿಗಿದಾಗ ಇಡೀ ಬೋಲ್ಟ್ ಹಿಗ್ಗುವುದೇ ಮಿ.ಮೀ.ನ ಹತ್ತರ ಒಂದೆರಡು ಪಾಲು. ಬಿಸಿಯಾದಾಗ ಬೋಲ್ಟಿನ ತಲೆ ಮೆತ್ತನೆಯ ಅಲ್ಯೂಮಿನಿಯಮ್ಮನ್ನು ಒತ್ತಿ ತಗ್ಗು ಮಾಡುತ್ತದೆ, ತಣ್ಣಗಾದಾಗ ಆ ತಗ್ಗಿನಷ್ಟು ಬಿಗಿ ಕಳೆದುಹೋಗುತ್ತದೆ. ಟೈಮಿಂಗ್ ಸ್ಪ್ರಾಕೆಟ್ಟಿಗೆ ಕೀಲಿಯೇ ಇಲ್ಲದೆ ಈ ಬೋಲ್ಟಿನ ಬಿಗಿಯ ಮೇಲೇ ನಿಂತ ಎಂಜಿನ್ನುಗಳಿವೆ. ಅಲ್ಲಿ ಬೋಲ್ಟ್ ಸಡಿಲಾದರೆ ಟೈಮಿಂಗ್ ಜಾರಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಮಧ್ಯದಲ್ಲಿ ಉಕ್ಕಿನ ಹಬ್ ಇಲ್ಲದ ಅಲ್ಯೂಮಿನಿಯಂ ಪುಲ್ಲಿಯನ್ನು ಈ ಒಂದು ಕಾರಣಕ್ಕೇ ತಿರಸ್ಕರಿಸಬಹುದು.

ಮೂರು ಸಿಲಿಂಡರಿನವರಿಗೆ ಪ್ರತ್ಯೇಕ ಎಚ್ಚರಿಕೆ. ಕೆಲವು ಎಂಜಿನ್ನುಗಳ ಪುಲ್ಲಿ ಬೇಕೆಂತಲೇ ಒಂದು ಬದಿಗೆ ಭಾರವಾಗಿರುತ್ತದೆ. ಫೋರ್ಡ್ ಇಕೋಸ್ಪೋರ್ಟ್‌ನ 1.0 ಲೀಟರ್ ಇಕೋಬೂಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಯಾಲೆನ್ಸ್ ಶಾಫ್ಟ್ ಇಡದೆ, ಪುಲ್ಲಿ ಮತ್ತು ಫ್ಲೈವೀಲ್ ಎರಡನ್ನೂ ಅಸಮತೋಲ ಮಾಡಿ ಎಂಜಿನ್ನಿನ ಅಲುಗಾಟವನ್ನು ಹಿಡಿದಿಟ್ಟಿದ್ದಾರೆ. ಅಲ್ಲಿ ಚೊಕ್ಕಟವಾಗಿ ಬ್ಯಾಲೆನ್ಸ್ ಮಾಡಿದ ಪುಲ್ಲಿ ಹಾಕಿದರೆ ಗಾಡಿ ನಡುಗಲು ಶುರುಮಾಡುತ್ತದೆ. ಕ್ರ್ಯಾಂಕ್ ಸೆನ್ಸರಿನ ಹಲ್ಲುಗಳು ಪುಲ್ಲಿಯ ಮೇಲೇ ಇರುವ ಎಂಜಿನ್ನುಗಳಲ್ಲಿ ಆ ಹಲ್ಲುಗಳ ಕೋನ ತುಸು ಆಚೀಚೆಯಾದರೂ ಮಿಸ್‌ಫೈರ್ ಕೋಡ್ ಬರುತ್ತದೆ, ಇಲ್ಲವೇ ಗಾಡಿ ಸ್ಟಾರ್ಟೇ ಆಗುವುದಿಲ್ಲ.

ಉದ್ಯಮಬಾಗದಲ್ಲಿ ಟರ್ನ್ ಮಾಡಿಸಿದರೆ?

ಬೆಳಗಾವಿಯಲ್ಲಿ ಈ ಪ್ರಶ್ನೆ ಸಹಜ. ಉದ್ಯಮಬಾಗ, ಮಚ್ಛೆಯ ಫೌಂಡ್ರಿ, ಸಿಎನ್‌ಸಿ ಶಾಪುಗಳ ಕೈಗೆ ಪುಲ್ಲಿ ಟರ್ನ್ ಮಾಡುವುದು ದೊಡ್ಡ ಕೆಲಸವೇ ಅಲ್ಲ. 6061 ಟಿ6 ಅಲ್ಯೂಮಿನಿಯಂ ಗಟ್ಟಿ (ಬಿಲೆಟ್) ತಂದುಕೊಟ್ಟರೆ ನಡುವಿನ ರಂಧ್ರ (ಬೋರ್), ಕೀಲಿಯ ತೋಡು, ಹಲವು ಗೆರೆಗಳ ಪಿಕೆ ಬೆಲ್ಟಿನ 3.56 ಮಿ.ಮೀ. ಅಂತರದ 40 ಡಿಗ್ರಿ ಗೆರೆಗಳು ಎಲ್ಲವನ್ನೂ ಕಂಪನಿಗಿಂತ ಕಡಿಮೆಯಿಲ್ಲದಂತೆ ಮಾಡಿಕೊಡುವ ಕೈಗಳು ಅಲ್ಲಿವೆ. ಕೊರತೆ ಕಸುಬಿನದಲ್ಲ. ಲೇತು ಕೊಡುವುದು ಆಕಾರ, ಡ್ಯಾಂಪಿಂಗ್ ಆಕಾರದಿಂದ ಬರುವುದಿಲ್ಲ. ಕಂಪನಿಯೇ ಒಂದೇ ತುಂಡಿನ ಪುಲ್ಲಿ ಕೊಟ್ಟ ಎಂಜಿನ್ನಿಗೆ, ಹಳೆಯ ಜನರೇಟರಿಗೆ, ಪಂಪ್‌ಸೆಟ್ಟಿಗೆ ಧಾರಾಳವಾಗಿ ಅಲ್ಲಿ ಮಾಡಿಸಿ. ಮಾಡಿಸುವಾಗ ಬೋರಿಗೂ ಬೆಲ್ಟ್ ಗೆರೆಗೂ ರನ್‌ಔಟ್ (ತಿರುಗುವಾಗಿನ ಓಲಾಟ) 0.05 ಮಿ.ಮೀ. ಒಳಗಿರಲಿ ಎಂದು ಡ್ರಾಯಿಂಗಿನಲ್ಲೇ ಬರೆಯಿಸಿ, ಡೈನಾಮಿಕ್ ಬ್ಯಾಲೆನ್ಸಿಂಗ್ ಮಾಡಿಸಿ. ಆಯಿಲ್ ಸೀಲ್ ಉಜ್ಜುವ ಜಾಗದಲ್ಲಿ ಗಡಸು ಉಕ್ಕಿನ ಸ್ಲೀವ್ ಕೂರಿಸಿ. ಬರಿ ಅಲ್ಯೂಮಿನಿಯಂ ಮೇಲೆ ನಮ್ಮ ಧೂಳು ಸೇರಿದ ಸೀಲಿನ ತುಟಿ ಬೇಗನೆ ಗೆರೆ ಕೊರೆಯುತ್ತದೆ, ಆಮೇಲೆ ಸೀಲು ಎಷ್ಟು ಸಲ ಬದಲಿಸಿದರೂ ಆಯಿಲ್ ಸೋರುವುದು ನಿಲ್ಲುವುದಿಲ್ಲ.

ಜಾರಿದ ರಬ್ಬರ್ ಪುಲ್ಲಿಯನ್ನು ಹಬ್ಬಿಗೂ ಉಂಗುರಕ್ಕೂ ನಾಲ್ಕು ಕಡೆ ವೆಲ್ಡ್ ಹೊಡೆದು ಕೊಡುವ ಜುಗಾಡನ್ನು ಮಾತ್ರ ಖಂಡಿತ ಒಪ್ಪಬೇಡಿ. ಅಲ್ಯೂಮಿನಿಯಂ ಪುಲ್ಲಿಗಿಂತಲೂ ಇದು ಕೆಟ್ಟದ್ದು. ಡ್ಯಾಂಪಿಂಗ್ ಹೋಯಿತು, ಉಂಗುರದ ಅಷ್ಟೂ ಭಾರ ಮೂತಿಗೆ ಬಿಗಿಯಾಗಿ ಅಂಟಿಕೊಂಡಿತು. ಭಾರ ಹೆಚ್ಚಾದಂತೆ ಶಾಫ್ಟಿನ ಸ್ವಂತ ಕಂಪನ ವೇಗ ಇಳಿದು, ದಿನಾ ಓಡಿಸುವ ಆರ್‌ಪಿಎಂಗೇ ಹತ್ತಿರ ಬರುತ್ತದೆ. ಹಳೆ ರಬ್ಬರ್ ತೆಗೆದು ಪಾಲಿಯುರೆಥೇನ್ ಸುರಿದು ಕೊಡುವುದೂ ಜೂಜೇ. ಗಡಸುತನ ಬೇರೆಯಾದರೆ ಡ್ಯಾಂಪರ್ ಹೊಂದಿಕೊಂಡಿದ್ದ ಕಂಪನವೂ ಬೇರೆಯಾಗುತ್ತದೆ.

ಹಳೆಯ ಪುಲ್ಲಿಯನ್ನು ಪರೀಕ್ಷಿಸುವ ಬಗೆ

ಬಿಚ್ಚದೆಯೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ಒಂದಿದೆ. ಎಂಜಿನ್ ಆರಿಸಿ, ಬಲಗಡೆಯ ಮುಂದಿನ ಚಕ್ರ ಮತ್ತು ಒಳಗಿನ ಪ್ಲಾಸ್ಟಿಕ್ ಗಾರ್ಡ್ ತೆಗೆಯಿರಿ (ಕೆಲವು ಗಾಡಿಗಳಲ್ಲಿ ಎಡಗಡೆ). ಪುಲ್ಲಿಯ ಮುಖವನ್ನು ಬಟ್ಟೆಯಿಂದ ಒರೆಸಿ, ಹಬ್ಬಿನಿಂದ ರಬ್ಬರ್ ದಾಟಿ ಹೊರ ಉಂಗುರದವರೆಗೆ ಬಿಳಿ ಪೇಂಟ್ ಮಾರ್ಕರಿನಿಂದ ಒಂದೇ ನೇರ ಗೆರೆ ಎಳೆಯಿರಿ. 500 ಕಿ.ಮೀ. ಓಡಿಸಿ ಮತ್ತೆ ನೋಡಿ. ಗೆರೆ ರಬ್ಬರಿನ ಜಾಗದಲ್ಲಿ ಮುರಿದು ಎರಡೂ ತುದಿ ಆಚೀಚೆ ನಿಂತಿದ್ದರೆ ಉಂಗುರ ಜಾರುತ್ತಿದೆ ಎಂದರ್ಥ. ಎರಡು ಮಿ.ಮೀ. ಜಾರಿದರೂ ಪುಲ್ಲಿ ಮುಗಿಯಿತು. ಟೈಮಿಂಗ್ ಗುರುತು ಹೊರ ಉಂಗುರದ ಮೇಲಿರುವ ಎಂಜಿನ್ನಿನಲ್ಲಿ ಆ ಗುರುತನ್ನೂ ಇನ್ನು ನಂಬುವಂತಿಲ್ಲ.

ಗೆರೆ ಎಳೆದಾಗಲೇ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಒಣಗಿ ಸೀಳಿದೆಯೇ, ಒಂದು ಕಡೆ ಉಬ್ಬಿ ಹೊರಬಂದಿದೆಯೇ, ಆಯಿಲ್ ತಾಗಿ ಮೆತ್ತಗಾಗಿದೆಯೇ? ಮುಂದಿನ ಸೀಲ್ ಸೋರುತ್ತಿದ್ದರೆ ರಬ್ಬರಿನ ಶತ್ರು ಅದೇ, ಸೀಲ್ ಬದಲಿಸದೆ ಪುಲ್ಲಿ ಮಾತ್ರ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ದೂರದಿಂದ ನೋಡಿದಾಗ ಹೊರ ಉಂಗುರ ತೂಗಾಡುತ್ತಿದ್ದರೆ, ಟೈಮಿಂಗ್ ಕವರಿನ ಮೇಲೆ ರಬ್ಬರಿನ ಪುಡಿ ಬಿದ್ದಿದ್ದರೆ, ಎ.ಸಿ. ಹಾಕಿದ ಕ್ಷಣ ಕೀಚ್ ಎನ್ನುತ್ತಿದ್ದರೆ ಕಾಯುವ ಹಾಗಿಲ್ಲ. ಬೆಲ್ಟ್, ಟೆನ್ಷನರ್ ಎರಡನ್ನೂ ಬದಲಿಸಿದ ಮೇಲೂ ಕೀರಲು ನಿಲ್ಲದ ಗಾಡಿಗಳಲ್ಲಿ ತಪ್ಪಿತಸ್ಥ ಹೆಚ್ಚಾಗಿ ಈ ಪುಲ್ಲಿಯೇ. ರಬ್ಬರ್ ಪೂರ್ತಿ ಬಿಟ್ಟ ದಿನ ಡೈನಮೋ, ವಾಟರ್ ಪಂಪ್, ಹೈಡ್ರಾಲಿಕ್ ಸ್ಟಿಯರಿಂಗ್ ಒಟ್ಟಿಗೇ ನಿಲ್ಲುತ್ತವೆ. ಬ್ಯಾಟರಿ ದೀಪ ಹೊತ್ತಿ ಸ್ಟಿಯರಿಂಗ್ ಭಾರವಾದರೆ "ಊರು ಮುಟ್ಟಿ ನೋಡೋಣ" ಎನ್ನದೆ ಎಂಜಿನ್ ಆರಿಸಬೇಕು.

ಬದಲಿ ಮಾಲು ಆರಿಸುವಾಗ ಮೊದಲ ಆಯ್ಕೆ ಕಂಪನಿಯ ಪಾರ್ಟ್ ನಂಬರಿನದು. ಎರಡನೆಯದು ಕಂಪನಿಗಳಿಗೇ ಸರಬರಾಜು ಮಾಡುವ ಹೆಸರುಳ್ಳ ತಯಾರಕರ ರಬ್ಬರ್ ಡ್ಯಾಂಪರ್. ಲೋಕಲ್ ಮಾಲು ಅನಿವಾರ್ಯವಾದರೆ ಹಳೆಯದನ್ನೂ ಹೊಸದನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ಹೊಸದು ನೂರಿನ್ನೂರು ಗ್ರಾಂ ಹಗುರವಿದ್ದರೆ ಉಂಗುರದ ಭಾರದಲ್ಲಿ ಉಳಿಸಿದ್ದಾರೆ ಎಂದೇ ಲೆಕ್ಕ, ವಾಪಸ್ ಕೊಡಿ. ರಬ್ಬರಿನ ದಪ್ಪ ಸುತ್ತಲೂ ಒಂದೇ ಇದೆಯೇ, ಕೀಲಿಯ ತೋಡಿಗೂ ಟೈಮಿಂಗ್ ಗುರುತಿಗೂ ಇರುವ ಕೋನ ಹಳೆಯದರಂತೆಯೇ ಇದೆಯೇ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹೊರಗಿನ ಡ್ಯಾಂಪರುಗಳಲ್ಲಿ ನಿಜಕ್ಕೂ ಕಂಪನಿಯದಕ್ಕಿಂತ ಮೇಲಾದವೂ ಇವೆ. ಸಿಲಿಕೋನ್ ದ್ರವ ತುಂಬಿದ ಫ್ಲುಯಿಡ್ಯಾಂಪರ್, ಬದಲಿಸಬಹುದಾದ ರಬ್ಬರ್ ರಿಂಗುಗಳ ಎಟಿಐ ಇಂಥವು. ರೇಸಿಗೆ ಎಸ್‌ಎಫ್‌ಐ 18.1 ಸುರಕ್ಷತಾ ಪ್ರಮಾಣಪತ್ರ ಕೇಳುವುದು ಇಂಥ ಭಾಗಗಳಿಗೇ. ಇವು ಹಗುರವಲ್ಲ, ಅಗ್ಗವಲ್ಲ, ನಮ್ಮ ದಿನಬಳಕೆಯ ಕಾರುಗಳಿಗೆ ಸಿಗುವುದೂ ಅಪರೂಪ. ಎಂಜಿನ್ ಬಲಪಡಿಸಿ ರೇಸಿಗೆ ಇಳಿಸುವವರು ಮಾತ್ರ ಆ ದಾರಿ ನೋಡಬೇಕು. ವಾರಂಟಿ ಇನ್ನೂ ಉಳಿದಿರುವ ಗಾಡಿಗೆ ಬೇರೆ ಬಗೆಯ ಪುಲ್ಲಿ ಹಾಕಿದರೆ ಎಂಜಿನ್ನಿನ ಮುಂಭಾಗದ ಯಾವ ತಕರಾರಿಗೂ ಕಂಪನಿ ಕೈಯೆತ್ತಬಹುದು ಎಂಬುದೂ ನೆನಪಿರಲಿ.

ಜೋಡಿಸುವಾಗ

ಒಳ್ಳೆಯ ಪುಲ್ಲಿಯನ್ನೂ ಕೆಡಿಸುವುದು ಜೋಡಿಸುವ ಕೈ. ಬ್ಯಾಟರಿಯ ನೆಗೆಟಿವ್ ತೆಗೆದು, ಬೆಲ್ಟ್ ಓಡುವ ದಿಕ್ಕಿಗೆ ಗುರುತು ಹಾಕಿ ಇಳಿಸಿ. ಸ್ಪ್ರಾಕೆಟ್ಟಿಗೆ ಕೀಲಿ ಇಲ್ಲದ ಎಂಜಿನ್ನಾದರೆ ಬೋಲ್ಟ್ ಮುಟ್ಟುವ ಮೊದಲೇ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಲಾಕಿಂಗ್ ಪಿನ್ನಿನಿಂದ ಹಿಡಿಯಬೇಕು, ಇಲ್ಲವಾದರೆ ಪುಲ್ಲಿ ಕೆಲಸ ಟೈಮಿಂಗ್ ಕೆಲಸವಾಗುತ್ತದೆ. ಕೆಲವು ಎಂಜಿನ್ನುಗಳ ಕ್ರ್ಯಾಂಕ್ ಬೋಲ್ಟಿಗೆ ಎಡಗೈ ಥ್ರೆಡ್ ಇರುತ್ತದೆ, ಸರ್ವಿಸ್ ಮ್ಯಾನ್ಯುವಲ್ ನೋಡದೆ ಬಲ ಹಾಕಬೇಡಿ. ಪುಲ್ಲಿ ಎಳೆಯಲು ಹಬ್ಬಿನಲ್ಲಿರುವ ಥ್ರೆಡ್ ರಂಧ್ರಗಳಿಗೆ ಬೋಲ್ಟ್ ಹಾಕುವ ಪುಲ್ಲರ್ ಬಳಸಿ. ಹೊರ ಉಂಗುರಕ್ಕೆ ಮೂರು ಕಾಲಿನ ಪುಲ್ಲರ್ ಸಿಕ್ಕಿಸಿದರೆ ರಬ್ಬರ್ ಅಲ್ಲೇ ಕಿತ್ತುಬರುತ್ತದೆ.

ಕೂರಿಸುವಾಗ ಸುತ್ತಿಗೆ ಬೇಡ. ಪ್ರತಿ ಏಟೂ ಶಾಫ್ಟಿನ ಮೂಲಕ ಥ್ರಸ್ಟ್ ಬೇರಿಂಗಿಗೆ ಹೋಗುತ್ತದೆ. ಸೀಲಿನ ತುಟಿಗೆ ಮಾತ್ರ ಕೊಂಚ ಆಯಿಲ್ ಸವರಿ, ಹಬ್ಬಿನ ಮುಖ ಮತ್ತು ಶಾಫ್ಟಿನ ಮುಖವನ್ನು ಬ್ರೇಕ್ ಕ್ಲೀನರಿನಿಂದ ಒಣಗಿಸಿ. ಕೀಲಿಯಿಲ್ಲದ ಎಂಜಿನ್ನಿನಲ್ಲಿ ಆ ಎರಡು ಮುಖಗಳ ಹಿಡಿತದ ಮೇಲೇ ಎಲ್ಲವೂ ನಿಂತಿದೆ. ನಡುವೆ ಮರಳು ಕಾಗದದಂತೆ ಒರಟಾದ ತೆಳು ವಾಷರ್ ಸಿಕ್ಕರೆ ಅದಿಲ್ಲದೆ ಜೋಡಿಸಬೇಡಿ, ಹಳೆಯದನ್ನೇ ಮತ್ತೆ ಹಾಕಲೂ ಬೇಡಿ, ಹೊಸದನ್ನೇ ಹಾಕಿ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟ್ ಒಮ್ಮೆ ಹಿಗ್ಗಿದರೆ ಮುಗಿಯಿತು, ಅದನ್ನೂ ಹೊಸದೇ ತನ್ನಿ. ಬಿಗಿಯಲು ಗನ್ ಬೇಡ. ಮ್ಯಾನ್ಯುವಲ್ ಹೇಳಿದ ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಿಂದ, ಆಮೇಲೆ ಹೇಳಿದಷ್ಟು ಡಿಗ್ರಿ ಕೋನಕ್ಕೆ. ಮುಗಿದ ಮೇಲೆ ಕೈಯಿಂದ ಎಂಜಿನ್ ಎರಡು ಸುತ್ತು ತಿರುಗಿಸಿ, ಹೊರ ಉಂಗುರಕ್ಕೆ ಡಯಲ್ ಗೇಜ್ ಇಟ್ಟು ಅಲುಗಾಟ ನೋಡಿ, ಸ್ಕೇಲ್ ಹಿಡಿದು ಬೆಲ್ಟಿನ ಸಾಲು ನೇರವಿದೆಯೇ ಪರೀಕ್ಷಿಸಿ. ಯಾರೋ ಮೊದಲೇ 30 ಮಿ.ಮೀ. ಚಿಕ್ಕ ಪುಲ್ಲಿ ಹಾಕಿದ್ದ ಗಾಡಿಗೆ ಕಂಪನಿ ಪುಲ್ಲಿ ವಾಪಸ್ ಹಾಕುತ್ತಿದ್ದರೆ ಬೆಲ್ಟಿನ ಉದ್ದವೂ ಬದಲಾಗಬೇಕು. ಅರ್ಧ ಸುತ್ತು ಅಪ್ಪಿಕೊಳ್ಳುವ ಕಡೆ ಸುಮಾರು 47 ಮಿ.ಮೀ. ಹೆಚ್ಚು ಬೇಕು, ಅಂದರೆ 6ಪಿಕೆ1000 (ಆರು ಗೆರೆ, 1000 ಮಿ.ಮೀ. ಉದ್ದದ ಬೆಲ್ಟ್) ಇದ್ದ ಜಾಗಕ್ಕೆ 6ಪಿಕೆ1050ರ ಆಸುಪಾಸಿನದು.

ಲಾರಿಯವರಿಗೂ ಒಂದು ಮಾತು. ಆರು ಸಿಲಿಂಡರಿನ ಉದ್ದ ಶಾಫ್ಟಿಗೆ ರಬ್ಬರ್ ಸಾಲದೆ ಹೆಚ್ಚಾಗಿ ಸಿಲಿಕೋನ್ ದ್ರವದ ಮುಚ್ಚಿದ ಡ್ಯಾಂಪರ್ ಇರುತ್ತದೆ. ಒಳಗಿನ ಉಂಗುರಕ್ಕೂ ಹೊರ ಡಬ್ಬಕ್ಕೂ ನಡುವೆ ಮಿ.ಮೀ.ನ ಅಲ್ಪ ಭಾಗದಷ್ಟೇ ಸಂದು. ಸುತ್ತಿಗೆಯ ಒಂದು ಏಟು, ರಾಡಿನಿಂದ ಮೀಟಿದ ಒಂದು ತಗ್ಗು ಸಾಕು, ಒಳಗಿನ ಉಂಗುರ ಸಿಕ್ಕಿಬಿದ್ದು ಡ್ಯಾಂಪರ್ ಬರಿ ಭಾರದ ತುಂಡಾಗುತ್ತದೆ. ತಗ್ಗು ಬಿದ್ದದ್ದನ್ನು ತಟ್ಟಿ ಸರಿಮಾಡಿಸುವಂತಿಲ್ಲ, ದ್ರವ ಸೋರಿದ್ದನ್ನು ತುಂಬಿಸುವಂತಿಲ್ಲ, ಬದಲಿಸಲೇಬೇಕು.

ಮುಧೋಳ, ಜಮಖಂಡಿ ಕಡೆ ಕಬ್ಬು ಎಳೆಯುವ ಮೂರು ಸಿಲಿಂಡರ್ ಟ್ರ್ಯಾಕ್ಟರುಗಳಲ್ಲಿ ಒಂದೇ ತುಂಡಿನ ಪುಲ್ಲಿ ಇರುವುದೇ ಹೆಚ್ಚು, ಅಲ್ಲಿ ತಿರುಚಾಟದ ಚಿಂತೆ ಬೇಡ. ಆದರೆ ಫ್ಯಾನೂ ವಾಟರ್ ಪಂಪೂ ಅದರಿಂದಲೇ ತಿರುಗುವುದರಿಂದ ಸವೆದ ಪುಲ್ಲಿಗೆ ಬದಲಾಗಿ ಸಿಕ್ಕಿದ ಚಿಕ್ಕದನ್ನು ಹಾಕಿದರೆ ಎರಡು ಟ್ರೇಲರ್ ಹೊತ್ತ ಎಂಜಿನ್ ಬಿಸಿಯೇರುತ್ತದೆ. ಹಂಗಾಮು ಶುರುವಾಗುವ ಮೊದಲು ಕೀಲಿಯ ತೋಡಿನಲ್ಲಿ ಪುಲ್ಲಿ ಆಚೀಚೆ ಆಡುತ್ತದೆಯೇ ಎಂದು ಕೈಯಿಂದ ಅಲುಗಿಸಿ ನೋಡಿ. ಬೆಲ್ಟ್ ಕೂರುವ ವಿ ಆಕಾರದ ತೋಡಿನ ತಳ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಕೂತು ಜಾರುತ್ತಿದೆ, ಪುಲ್ಲಿ ಸವೆದಿದೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ 10–12 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಮೊದಲು ಹೋಗುವುದು ವಾಟರ್ ಪಂಪಿನ ಬೇರಿಂಗ್.